ಮೊಟ್ಟೆಯಿಲ್ಲದ ಮೇಯೊನೀಸ್: ಹಾಲೋ, ಮೊಸರೋ, ಗೋಡಂಬಿಯೋ, ಕಡಲೆ ಕಟ್ಟೋ?

‘ಮೊಟ್ಟೆ ಹಾಕದೆ ಮನೆಯಲ್ಲೇ ಮೇಯೊನೀಸ್ ಮಾಡಬೇಕು. ಯಾವುದರಲ್ಲಿ ಮಾಡಿದರೆ ಒಳ್ಳೆಯದು?’ ಪ್ರಶ್ನೆ ಒಂದೇ ಆದರೂ ಕೇಳುವವರು ಬೇರೆ ಬೇರೆ. ಒಬ್ಬರ ಅಡುಗೆಮನೆಗೆ ಮೊಟ್ಟೆಯೇ ಬರುವ ಹಾಗಿಲ್ಲ. ಇನ್ನೊಬ್ಬರ ಮಗುವಿಗೆ ಮೊಟ್ಟೆ ತಿಂದರೆ ಮೈಯೆಲ್ಲ ದದ್ದು. ಮತ್ತೊಬ್ಬರು ಹಾಲು-ತುಪ್ಪವನ್ನೂ ಬಿಟ್ಟ ವೀಗನ್. ಮೊಟ್ಟೆ ತಿನ್ನುವವರೂ ಈಗೀಗ ಇದನ್ನೇ ಕೇಳುತ್ತಾರೆ, ಕಾರಣ ಪಕ್ಕದ ರಾಜ್ಯಗಳಿಂದ ಬಂದ ಸುದ್ದಿ. ಹಸಿ ಮೊಟ್ಟೆಯ ಮೇಯೊನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್ ಕೊನೆಗೆ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷದ ಮಟ್ಟಿಗೆ ತಡೆ ಹಾಕಿದವು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇದ್ದರೆ, ಬೇಯಿಸದ ಮೇಯೊನೀಸ್‌ನಲ್ಲಿ ಅದು ಸಾಯುವುದಿಲ್ಲ ಎನ್ನುವುದೇ ಭಯ.

ಇವರೆಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ನಾನು ಮನೆಯಲ್ಲಿ ಮಾಡಿ ನೋಡಿದ್ದನ್ನೆಲ್ಲ ತೂಗಿ ಹೇಳುತ್ತೇನೆ, ನಿಮ್ಮದನ್ನು ನೀವು ಆರಿಸಿಕೊಳ್ಳಿ.

ಅದಕ್ಕೂ ಮೊದಲು ಒಂದು ಭ್ರಮೆ ಕಳಚಿಬಿಡೋಣ. ‘ಎಗ್‌ಲೆಸ್’ ಅಂದ ಕೂಡಲೇ ಅದು ಹಗುರ ಎಂದು ಅನೇಕರು ತಿಳಿದಿದ್ದಾರೆ. ಮೇಯೊನೀಸ್ ಅಂದರೆ ಮುಖ್ಯವಾಗಿ ಎಣ್ಣೆ, ಮೊಟ್ಟೆ ಅದರಲ್ಲಿ ಬರೀ ಮಧ್ಯಸ್ಥ. ಮೊಟ್ಟೆ ತೆಗೆದು ಹಾಲು ಹಾಕಿದರೆ ಎಣ್ಣೆ ಎಲ್ಲಿಗೂ ಹೋಗಿರುವುದಿಲ್ಲ.

ಎಣ್ಣೆ, ನೀರು ಮತ್ತು ಸೀಗೆಕಾಯಿ

ಆಗದವರನ್ನು ನಾವು ‘ಎಣ್ಣೆ-ಸೀಗೆಕಾಯಿ’ ಅನ್ನುತ್ತೇವೆ. ಈ ಮಾತು ಕಟ್ಟಿದವರು ಸೀಗೆಕಾಯಿಗೆ ಕೊಂಚ ಅನ್ಯಾಯ ಮಾಡಿದ್ದಾರೆ. ನಿಜವಾದ ಜಗಳ ಇರುವುದು ಎಣ್ಣೆಗೂ ನೀರಿಗೂ. ಸೀಗೆಕಾಯಿ ನಡುವೆ ನಿಂತು ರಾಜಿ ಮಾಡಿಸುವುದರಿಂದಲೇ ತಲೆಯ ಎಣ್ಣೆ ನೀರಿನ ಜೊತೆ ಹೊರಟುಹೋಗುತ್ತದೆ. ಮೇಯೊನೀಸ್‌ನಲ್ಲಿ ಆ ಕೆಲಸ ಮಾಡುವುದು ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನು. ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದಾಗ, ಅವು ಮತ್ತೆ ಒಂದಕ್ಕೊಂದು ಸೇರದಂತೆ ಇವು ಸುತ್ತಲೂ ಕಾವಲು ನಿಲ್ಲುತ್ತವೆ. ಹನಿಗಳು ಒತ್ತೊತ್ತಾಗಿ ತುಂಬಿದಷ್ಟೂ ಮಿಶ್ರಣ ಗಟ್ಟಿ. ಎಣ್ಣೆ ಹೆಚ್ಚು ಹಾಕಿದರೆ ಮೇಯೊನೀಸ್ ತೆಳ್ಳಗಾಗದೆ ದಪ್ಪಗಾಗುವುದು ಇದರಿಂದಲೇ. ಮೊದಲ ಸಲ ಮಾಡುವವರು ನಂಬುವುದಿಲ್ಲ, ಗಟ್ಟಿಯಾಗಲಿ ಎಂದು ಇನ್ನಷ್ಟು ಹಾಲು ಸುರಿದು ಕೆಡಿಸಿಕೊಳ್ಳುತ್ತಾರೆ.

ಹಾಗಾದರೆ ಮೊಟ್ಟೆಯ ಬದಲಿಗೆ ಕಾವಲಿಗೆ ಯಾರನ್ನು ನಿಲ್ಲಿಸುವುದು?

ಆರಿಸುವ ಮುನ್ನ ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮೊದಲು, ಅದು ಹೋಗುವುದು ಎಲ್ಲಿಗೆ? ಎಲೆಕೋಸು-ಕ್ಯಾರೆಟ್ ಸಲಾಡಿಗೆ, ಮೊಮೊ ಅದ್ದಿಕೊಳ್ಳುವುದಕ್ಕೆ, ಬರ್ಗರಿಗೆ ತಣ್ಣಗೇ ಸವರುವುದಾದರೆ ಒಂದು ಲೆಕ್ಕ. ಬ್ರೆಡ್ಡಿನ ನಡುವೆ ಹಚ್ಚಿ ಟೋಸ್ಟರಿನಲ್ಲಿ ಒತ್ತುವುದಾದರೆ ಬೇರೆಯೇ ಲೆಕ್ಕ, ಏಕೆಂದರೆ ಬಿಸಿ ತಾಗಿದರೆ ಮೇಯೊನೀಸ್ ಎಣ್ಣೆ ಬಿಟ್ಟುಕೊಳ್ಳುತ್ತದೆ.

ಎರಡನೆಯದು ತಿನ್ನುವವರಿಗೆ ಏನು ಆಗದು ಎನ್ನುವುದು. ಮೊಟ್ಟೆ ಮಾತ್ರವೋ, ಹಾಲೂ ಸೇರಿಯೋ, ಬೆಳ್ಳುಳ್ಳಿಯೂ ಇರಬಾರದೋ? ಅಲರ್ಜಿಯ ಮನೆಯವರು ಗೋಡಂಬಿ, ಸೋಯಾ, ಸಾಸಿವೆ ಈ ಮೂರನ್ನೂ ಪಟ್ಟಿಯಲ್ಲಿಡಬೇಕು. ಸಾಸಿವೆಯೂ ಕೆಲವರಿಗೆ ಅಲರ್ಜಿ, ಮತ್ತು ಅದು ಇಲ್ಲಿ ಹೇಳುವ ಹೆಚ್ಚುಕಡಿಮೆ ಎಲ್ಲದರಲ್ಲೂ ಬರುತ್ತದೆ.

ಮೂರನೆಯದನ್ನು ಯಾರೂ ಹೇಳುವುದಿಲ್ಲ: ನಿಮ್ಮ ಹತ್ತಿರ ಇರುವ ಜಾರ್ ಯಾವುದು? ನಮ್ಮ ಮಿಕ್ಸಿಯ ದೊಡ್ಡ ಜಾರಿನಲ್ಲಿ ಅರ್ಧ ಲೋಟ ಹಾಲು ಹಾಕಿದರೆ ಬ್ಲೇಡು ಅದನ್ನು ಮುಟ್ಟುವುದೇ ಕಷ್ಟ. ಸಣ್ಣ ಚಟ್ನಿ ಜಾರ್ ಬೇಕೇ ಬೇಕು. ಹ್ಯಾಂಡ್ ಬ್ಲೆಂಡರ್ ಇದ್ದವರು ಅದೃಷ್ಟವಂತರು, ಕಿರಿದಾದ ಎತ್ತರದ ಲೋಟದಲ್ಲಿ ಅವರ ಕೆಲಸ ಒಂದು ನಿಮಿಷದ್ದು.

ಉಳಿದದ್ದು ಎಷ್ಟು ದಿನ ಇಡಬೇಕು, ಎಷ್ಟು ಖರ್ಚು, ಎಷ್ಟು ಎಣ್ಣೆ ಎನ್ನುವುದು. ಖರ್ಚಿನ ಲೆಕ್ಕಕ್ಕೆ ನಾನು ಎಣ್ಣೆ ಲೀಟರಿಗೆ ₹150, ಗೋಡಂಬಿ ಕಿಲೋಗೆ ₹900, ಹಾಲು ಲೀಟರಿಗೆ ₹50 ಎಂದು ಹಿಡಿದಿದ್ದೇನೆ. ನಿಮ್ಮ ಅಂಗಡಿಯ ಬೆಲೆ ಹಾಕಿ ತಿದ್ದಿಕೊಳ್ಳಿ.

ಹಾಲಿನದು: ಅಸಲಿಗೆ ಅತಿ ಹತ್ತಿರ

ಬಾಯಿಗಿಟ್ಟಾಗ ‘ಇದು ಮೇಯೊನೀಸೇ’ ಅನ್ನಿಸಬೇಕಾದರೆ ಹಾಲಿನದನ್ನೇ ಮಾಡಿ. ಪೋರ್ಚುಗಲ್ಲಿನವರು ಇದನ್ನು ಮೊದಲಿಂದ ಮಾಡಿಕೊಂಡು ಬಂದಿದ್ದಾರೆ. ಇಲ್ಲಿ ಕಾವಲಿಗೆ ನಿಲ್ಲುವುದು ಹಾಲಿನ ಪ್ರೋಟೀನು, ಮುಖ್ಯವಾಗಿ ಕೇಸೀನ್. ಕೊಬ್ಬಲ್ಲ, ಪ್ರೋಟೀನು ಎನ್ನುವುದನ್ನು ಗಮನಿಸಿ. ದಪ್ಪ ಹಾಲೇ ಬೇಕೆಂದು ಹುಡುಕಬೇಕಿಲ್ಲ, 3% ಕೊಬ್ಬಿನ ಟೋನ್ಡ್ ಹಾಲಿನಲ್ಲೂ ಕೂಡಿಬರುತ್ತದೆ. ಗಟ್ಟಿ ಹಾಲಿನದಕ್ಕೆ ರುಚಿ ಸ್ವಲ್ಪ ಹೆಚ್ಚು, ಅಷ್ಟೆ.

ಅಳತೆ ಒಂದಕ್ಕೆ ಎರಡು. 100 ಮಿಲಿ ಹಾಲಿಗೆ 200 ಮಿಲಿ ಎಣ್ಣೆ, ಅರ್ಧ ಚಹಾ ಚಮಚ ಸಾಸಿವೆ ಪುಡಿ, ಅರ್ಧ ಚಮಚ ಉಪ್ಪು, ಅಷ್ಟೇ ಸಕ್ಕರೆ, ಚಿಟಿಕೆ ಕಾಳುಮೆಣಸಿನ ಪುಡಿ. ಕೊನೆಗೆ ಎರಡು ಚಹಾ ಚಮಚ ವಿನಿಗರ್ ಅಥವಾ ಒಂದು ದೊಡ್ಡ ಚಮಚ ನಿಂಬೆರಸ. ಹಾಲನ್ನು ಕಾಯಿಸಿ, ಆರಿಸಿ, ಕೆನೆ ತೆಗೆದು, ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿರಬೇಕು. ಮಿಕ್ಸಿಯಲ್ಲಾದರೆ ಹಾಲು, ಸಾಸಿವೆ, ಉಪ್ಪು, ಸಕ್ಕರೆಯ ಜೊತೆ ಮೂರನೇ ಒಂದು ಭಾಗ ಎಣ್ಣೆ ಹಾಕಿ, ತಿರುಗಿಸಿ ಬಿಡಿ, ತಿರುಗಿಸಿ ಬಿಡಿ. ಉಳಿದ ಎಣ್ಣೆಯನ್ನು ಎರಡು ಕಂತಿನಲ್ಲಿ ಸೇರಿಸಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ, ಕೂಡಿಕೊಂಡಿದ್ದು ಬಿಟ್ಟುಹೋಗುತ್ತದೆ. ಹುಳಿ ಕೊನೆಯಲ್ಲೇ ಹಾಕಬೇಕು. ಮೊದಲೇ ಹಾಕಿದರೆ ಹಾಲು ಒಡೆದು ಪನೀರಿನ ದಾರಿ ಹಿಡಿಯುತ್ತದೆ, ಕೊನೆಗೆ ಹಾಕಿದರೆ ಅದೇ ಹುಳಿ ಪ್ರೋಟೀನನ್ನು ಬಿಗಿಮಾಡಿ ಎರಡು ಸುತ್ತಿನಲ್ಲಿ ಬೆಣ್ಣೆಯಂತೆ ನಿಲ್ಲಿಸುತ್ತದೆ. ಆ ಕ್ಷಣ ನೋಡುವುದಕ್ಕೇ ಒಂದು ಖುಷಿ.

ನನ್ನ ಮೊದಲ ಪ್ರಯತ್ನ ಖುಷಿ ಕೊಡುವ ಹಾಗಿರಲಿಲ್ಲ. ಉಗುರುಬೆಚ್ಚಗಿನ ಹಾಲು, ದೊಡ್ಡ ಜಾರ್, ಎಣ್ಣೆ ಒಂದೇ ಸಲ. ಎರಡು ನಿಮಿಷ ರುಬ್ಬಿದ ಮೇಲೆ ಸಿಕ್ಕಿದ್ದು ಎಣ್ಣೆ ತೇಲುವ ಮಜ್ಜಿಗೆ. ಹೀಗಾದರೆ ಚೆಲ್ಲಬೇಡಿ. ತೊಳೆದ ಜಾರಿಗೆ ಎರಡು ಚಮಚ ತಣ್ಣನೆಯ ಹಾಲು ಹಾಕಿ, ಕೆಟ್ಟದ್ದನ್ನೇ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ತಿರುಗಿಸಿದರೆ ಬಹಳ ಸಲ ಕೂಡಿಕೊಳ್ಳುತ್ತದೆ. ಅದೂ ಆಗದಿದ್ದರೆ ಚಪಾತಿ ಹಿಟ್ಟಿಗೆ ಹಾಕಿ ಕಲಸಿ. ನಾನು ಅದನ್ನೇ ಮಾಡಿದ್ದು, ಚಪಾತಿ ಮೆತ್ತಗಿತ್ತು.

ಇದರ ಖರ್ಚು ಎಣ್ಣೆಗೆ ₹30, ಹಾಲಿಗೆ ₹5, ಚೂರುಪಾರು ಸೇರಿ ₹40ರ ಒಳಗೆ ಒಂದು ದೊಡ್ಡ ಲೋಟ. ತಣ್ಣನೆಯ ತಿಂಡಿಗೆಲ್ಲ ಒಪ್ಪುತ್ತದೆ. ತೊಂದರೆಗಳು ಮೂರು. ಬಿಸಿಗೆ ನಿಲ್ಲುವುದಿಲ್ಲ. ಫ್ರಿಜ್‌ನಲ್ಲೂ ಮೂರು-ನಾಲ್ಕು ದಿನಕ್ಕಿಂತ ಇಡಬಾರದು. ಒಂದು ದೊಡ್ಡ ಚಮಚದಲ್ಲಿ 80 ಕ್ಯಾಲರಿಯಷ್ಟು ಇರುತ್ತದೆ, ಬಹುಪಾಲು ಎಣ್ಣೆಯದೇ.

ಕಡಲೆ ಕಟ್ಟಿನದು: ವೀಗನ್ ಮನೆಗೆ

2014ರಲ್ಲಿ ಫ್ರಾನ್ಸಿನ ಜೊಯೆಲ್ ರೋಸೆಲ್, ಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆ ಕಟ್ಟುತ್ತದೆ ಎಂದು ತೋರಿಸಿಕೊಟ್ಟರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ‘ಅಕ್ವಾಫಾಬಾ’ ಎಂದು ಹೆಸರಿಟ್ಟರು. ಜಗತ್ತಿನ ವೀಗನ್ನರೆಲ್ಲ ಡಬ್ಬಿ ಕಡಲೆಯ ನೀರನ್ನು ಚೆಲ್ಲುವುದು ನಿಲ್ಲಿಸಿದ್ದು ಆಮೇಲೆ. ನಾವು ಯಾವತ್ತೂ ಚೆಲ್ಲಿದವರಲ್ಲ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದದ್ದನ್ನು ಕಟ್ಟು ಎಂದು ಕರೆದು ಸಾರು ಮಾಡಿದವರು. ಆ ಕಟ್ಟೇ ಇಲ್ಲಿ ಮೊಟ್ಟೆಯ ಸ್ಥಾನದಲ್ಲಿ ಕೂರುತ್ತದೆ. ಅದರಲ್ಲಿ ಪ್ರೋಟೀನಿನ ಜೊತೆ ಸಪೋನಿನ್ ಎಂಬುದೂ ಇದೆ. ಸೀಗೆಕಾಯಿಯ ನೊರೆಗೆ ಕಾರಣವೂ ಸಪೋನಿನ್ನೇ.

ಆದರೆ ಹೋಳಿಗೆಯ ಕಟ್ಟನ್ನೇ ತಂದು ಸುರಿಯಬೇಡಿ. ಅದರಲ್ಲಿ ಅರಿಸಿನ, ಎಣ್ಣೆ ಬಿದ್ದಿರುತ್ತದೆ, ನೀರೂ ಜಾಸ್ತಿ. ಇದಕ್ಕೆ ಕಾಬೂಲಿ ಕಡಲೆಯೇ ಸರಿ. ಒಂದು ಲೋಟ ಕಡಲೆ ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಮೂರು ಲೋಟ ಹೊಸ ನೀರಿನಲ್ಲಿ ಉಪ್ಪು-ಸೋಡಾ ಹಾಕದೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ಕಾಳು ಸಮೇತ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಬಸಿದಾಗ ಕಟ್ಟು ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ ಬೀಳಬೇಕು. ನೀರಾಗಿದ್ದರೆ ಸಣ್ಣ ಉರಿಯಲ್ಲಿ ಬತ್ತಿಸಿ, ಪೂರ್ತಿ ತಣ್ಣಗೆ ಮಾಡಿ. ಮೂರು ದೊಡ್ಡ ಚಮಚ ಕಟ್ಟಿಗೆ 150ರಿಂದ 180 ಮಿಲಿ ಎಣ್ಣೆ. ಸಾಸಿವೆ, ಉಪ್ಪು, ವಿನಿಗರ್ ಮೊದಲೇ ಸೇರಿಸಬಹುದು, ಇಲ್ಲಿ ಒಡೆಯುವುದಕ್ಕೆ ಹಾಲಿಲ್ಲವಲ್ಲ. ಎಣ್ಣೆಯನ್ನು ಮಾತ್ರ ನೂಲಿನಂತೆ ಬಿಡಬೇಕು.

ಈ ಕೊನೆಯ ಮಾತಿನಿಂದಾಗಿಯೇ ಬರೀ ಚಟ್ನಿ ಜಾರ್ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮುಚ್ಚಳದಲ್ಲಿ ತೂತಿಲ್ಲ, ನೂಲಿನಂತೆ ಬಿಡುವುದು ಹೇಗೆ? ಹ್ಯಾಂಡ್ ಬ್ಲೆಂಡರ್ ಇದ್ದರೆ ಮಾಡಿ. ಹಾಲಿನದಕ್ಕಿಂತ ಸ್ವಲ್ಪ ಸಡಿಲವಾಗಿ ಬರುತ್ತದೆ, ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟರೆ ಬಿಗಿಯುತ್ತದೆ. ರುಚಿಯಲ್ಲಿ ಕಡಲೆಯ ವಾಸನೆ ತೀರಾ ಸಣ್ಣಗೆ, ಸಾಸಿವೆ-ಹುಳಿಯ ಕೆಳಗೆ ಮುಚ್ಚಿಹೋಗುತ್ತದೆ. ಕಡಲೆ ಹೇಗಿದ್ದರೂ ಪಲ್ಯಕ್ಕೆ ಬೇಯಿಸುವುದೇ ಆದ್ದರಿಂದ ಕಟ್ಟಿಗೆ ಬೇರೆ ಖರ್ಚಿಲ್ಲ. ಮಿಕ್ಕ ಕಟ್ಟನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಬಹುದು.

ಮೊಸರಿನದು: ದಿನಾ ತಿನ್ನುವವರಿಗೆ

ಶಾಸ್ತ್ರ ಹಿಡಿದು ಹೇಳಿದರೆ ಇದು ಮೇಯೊನೀಸ್ ಅಲ್ಲ, ಮೇಯೊನೀಸ್ ವೇಷದ ಮೊಸರು. ಆದರೂ ವಾರದಲ್ಲಿ ಮೂರು ದಿನ ಮಕ್ಕಳ ಡಬ್ಬಿಗೆ ಸ್ಯಾಂಡ್‌ವಿಚ್ ಹೋಗುವ ಮನೆಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಹುಳಿಯಾಗದ 500 ಗ್ರಾಂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಫ್ರಿಜ್‌ನಲ್ಲಿ ಐದಾರು ಗಂಟೆ ಬಿಟ್ಟರೆ ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಅದಕ್ಕೆ ಎರಡೇ ದೊಡ್ಡ ಚಮಚ ಎಣ್ಣೆ, ಸಾಸಿವೆ, ಉಪ್ಪು, ಸಕ್ಕರೆ, ಮೆಣಸು. ಮಿಕ್ಸಿಯೂ ಬೇಡ, ಚಮಚದಲ್ಲಿ ನಯವಾಗಿ ಕದಡಿದರೆ ಸಾಕು. ಒಂದು ದೊಡ್ಡ ಚಮಚಕ್ಕೆ ಸುಮಾರು 30 ಕ್ಯಾಲರಿ.

ನಷ್ಟವೂ ಇದೆ. ಸೌತೆಕಾಯಿ, ಟೊಮೆಟೊ ಜೊತೆ ಸೇರಿದರೆ ಅರ್ಧ ಗಂಟೆಯಲ್ಲಿ ನೀರು ಬಿಡುತ್ತದೆ, ಬ್ರೆಡ್ಡು ಒದ್ದೆ. ಬ್ರೆಡ್ಡಿಗೆ ಮೊದಲು ತೆಳುವಾಗಿ ಬೆಣ್ಣೆ ಸವರಿದರೆ ಸ್ವಲ್ಪ ತಡೆಯಬಹುದು. ಎರಡನೇ ದಿನಕ್ಕೆ ಹುಳಿ ಏರುತ್ತದೆ. ಹೊರಗಿನ ಮೇಯೊನೀಸ್ ರುಚಿ ಗೊತ್ತಿರುವ ಮಕ್ಕಳು ‘ಇದು ರಾಯ್ತ’ ಎಂದು ಮುಖಕ್ಕೇ ಹೇಳಿಬಿಡುತ್ತಾರೆ, ಸಿದ್ಧರಾಗಿರಿ.

ಗೋಡಂಬಿಯದು: ಟೋಸ್ಟರಿಗೆ

ಬಿಸಿಗೆ ನಿಲ್ಲುವುದು ಇದೊಂದೇ. 100 ಗ್ರಾಂ ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಸಿದು, 80 ಮಿಲಿ ತಣ್ಣೀರು, ಎರಡು ದೊಡ್ಡ ಚಮಚ ಎಣ್ಣೆ, ನಿಂಬೆರಸ, ಸಾಸಿವೆ, ಉಪ್ಪಿನ ಜೊತೆ ನುಣ್ಣಗೆ ರುಬ್ಬುವುದು. ಎಣ್ಣೆ ಕೂಡಿತೋ ಇಲ್ಲವೋ ಎಂಬ ಆತಂಕವೇ ಇಲ್ಲ, ಚಟ್ನಿ ರುಬ್ಬಲು ಬಂದವರಿಗೆ ಇದೂ ಬಂತು. ಹಾಲಿಲ್ಲ, ಹಾಗಾಗಿ ವೀಗನ್ನರಿಗೂ ಆಗುತ್ತದೆ. ಸಕ್ಕರೆ ಹಾಕಬೇಡಿ, ಗೋಡಂಬಿಯ ಸಿಹಿಯೇ ಸಾಕಷ್ಟಿದೆ. ಆ ಸಿಹಿಯೇ ಕೆಲವರಿಗೆ ಕೂರ್ಮದ ನೆನಪು ತರುತ್ತದೆ. ನಿಂಬೆ ಒಂದು ಹನಿ ಮುಂದಿರಲಿ.

ಗೋಡಂಬಿಗೇ ₹90 ಆಗುವುದರಿಂದ, ಹಾಲಿನದಕ್ಕಿಂತ ಕಡಿಮೆ ಪ್ರಮಾಣಕ್ಕೆ ಎರಡರಷ್ಟಕ್ಕೂ ಹೆಚ್ಚು ಖರ್ಚು. ರುಬ್ಬುವುದಕ್ಕೆ ಇಡೀ ಗೋಡಂಬಿ ಯಾಕೆ? ಅಂಗಡಿಯಲ್ಲಿ ತುಂಡು ಗೋಡಂಬಿ ಕೇಳಿ, ಅಗ್ಗ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಫ್ರಿಜ್‌ನಲ್ಲಿ ಗಟ್ಟಿಯಾದರೆ ಒಂದು ಚಮಚ ನೀರು ಹಾಕಿ ಕದಡಿ. ನಾಲ್ಕೈದು ದಿನ ಇರುತ್ತದೆ. ದೊಡ್ಡ ಚಮಚಕ್ಕೆ ಸುಮಾರು 55 ಕ್ಯಾಲರಿ, ಅಂದರೆ ಹಾಲಿನದಕ್ಕೂ ಮೊಸರಿನದಕ್ಕೂ ನಡುವೆ.

ಉಳಿದವು

ಸೋಯಾ ಹಾಲು ಕೆಲಸದಲ್ಲಿ ಹಾಲಿಗೆ ಸಮ. ಸೋಯಾದಲ್ಲಿ ಪ್ರೋಟೀನೂ ಇದೆ, ಲೆಸಿಥಿನ್ನೂ ಇದೆ, ಅಳತೆ ಅದೇ ಒಂದಕ್ಕೆ ಎರಡು. ಆದರೆ ಅಂಗಡಿಯ ಪೊಟ್ಟಣಗಳಲ್ಲಿ ಸಕ್ಕರೆ, ವೆನಿಲಾ ಸೇರಿದವೇ ಹೆಚ್ಚು. ಗಮನಿಸದೆ ತಂದರೆ ಐಸ್‌ಕ್ರೀಮ್ ವಾಸನೆಯ ಮೇಯೊನೀಸ್ ಸಿಗುತ್ತದೆ. ಸಿಹಿಯಿಲ್ಲದ್ದು ಸಿಕ್ಕರೆ, ಹ್ಯಾಂಡ್ ಬ್ಲೆಂಡರ್ ಇಲ್ಲದ ವೀಗನ್ನರಿಗೆ ಕಟ್ಟಿಗಿಂತ ಇದೇ ಸುಲಭ. ಬಾದಾಮಿ ಹಾಲಿನಲ್ಲಿ ಪ್ರೋಟೀನು ಸಾಲದು, ಕೈಹಾಕಬೇಡಿ. ಕಾರ್ನ್‌ಫ್ಲೋರ್ ಗಂಜಿ ಕಾಯಿಸಿ ಎಣ್ಣೆ ಸೇರಿಸುವ ವಿಧಾನವೂ ಇದೆ. ಅಗ್ಗ, ಗಟ್ಟಿ, ನಾಲಿಗೆಗೆ ಅಂಟು ಅಂಟು. ನನಗೆ ಸೇರಲಿಲ್ಲ.

ಅಂಗಡಿಯ ಎಗ್‌ಲೆಸ್ ಬಾಟಲಿಯನ್ನು ನಾನು ಬೈಯುವುದಿಲ್ಲ. ತಿಂಗಳಿಗೊಮ್ಮೆ ಎರಡು ಚಮಚ ಬೇಕಾಗುವವರಿಗೆ ಅದೇ ಸರಿ. ಹುಳಿ ಮತ್ತು ಸಂರಕ್ಷಕಗಳಿಂದಾಗಿ ಮುಚ್ಚಳ ತೆರೆದ ಮೇಲೂ ಫ್ರಿಜ್‌ನಲ್ಲಿ ವಾರಗಟ್ಟಲೆ ತಾಳುತ್ತದೆ. ಹಿಂದಿನ ಚೀಟಿ ಓದಿ. 415 ಅಂದರೆ ಗಟ್ಟಿ ಮಾಡುವ ಕ್ಸಾಂಥನ್ ಗೋಂದು, 211 ಅಂದರೆ ಸೋಡಿಯಂ ಬೆಂಜೊಯೇಟ್, 202 ಅಂದರೆ ಪೊಟ್ಯಾಸಿಯಂ ಸಾರ್ಬೇಟ್. ಇವೆರಡೂ ಕೆಡದಂತೆ ಇಡುವವು. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ವೀಗನ್ ಆಗುವುದಿಲ್ಲ, ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ ಹಸಿರು ‘ವಿ’ ಅಕ್ಷರದ ಬೇರೆ ಗುರುತಿದೆ. ಬೆಳ್ಳುಳ್ಳಿ ಪುಡಿ ಸೇರಿದೆಯೇ ಎಂದೂ ಬೇಡದವರು ನೋಡಿಕೊಳ್ಳಬೇಕು.

ಎಣ್ಣೆ, ಸಾಸಿವೆ

ಯಾವುದನ್ನೇ ಆರಿಸಿ, ಇವೆರಡರಲ್ಲಿ ಎಡವಿದರೆ ಕೆಟ್ಟಿತು. ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆಯೇ ಭದ್ರ. ಗಾಣದ ಕಡಲೆಕಾಯಿ ಎಣ್ಣೆ ಹಾಕಿದರೆ ಮೇಯೊನೀಸ್ ಚಟ್ನಿಪುಡಿಯ ಪರಿಮಳ ಬೀರುತ್ತದೆ. ಕೆಟ್ಟದ್ದೇನಲ್ಲ, ಆದರೆ ಬೇಕಾದದ್ದು ಅದಲ್ಲ. ಕರಾವಳಿಯವರು ತೆಂಗಿನೆಣ್ಣೆಯಲ್ಲಿ ಮಾಡಬಹುದೇ ಅಂದರೆ, ಮಾಡಿದ ದಿನ ಚೆನ್ನಾಗಿರುತ್ತದೆ, ಫ್ರಿಜ್‌ಗೆ ಹೋದ ಮೇಲೆ ಕಲ್ಲು. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಬ್ಲೇಡಿನ ಹೊಡೆತಕ್ಕೆ ಕಹಿಯಾಗುತ್ತದೆ.

ಸಾಸಿವೆ ಬರೀ ರುಚಿಗಲ್ಲ, ಅದರ ಲೋಳೆಯೂ ಎಣ್ಣೆಯ ಹನಿಗಳನ್ನು ಹಿಡಿದಿಡುತ್ತದೆ. ಹಳದಿ ಸಾಸಿವೆ ಸೌಮ್ಯ. ಒಗ್ಗರಣೆ ಡಬ್ಬಿಯ ಕರಿ ಸಾಸಿವೆಯಾದರೆ ಕಾಲು ಚಮಚ ಮೀರಬಾರದು. ಬಾಳೆದಿಂಡಿನ ಸಾಸಿವೆ ಮಾಡಿ ಬಲ್ಲವರಿಗೆ ಹೇಳಬೇಕಿಲ್ಲ, ಅತಿಯಾಗಿ ರುಬ್ಬಿದರೆ ಕಹಿ ಬಿಡುತ್ತದೆ. ಬೆಳ್ಳುಳ್ಳಿ ಹಾಕುವುದಾದರೆ ಹಸಿಯದನ್ನು ಅಂದಿನ ಮಟ್ಟಿಗೆ ಮಾತ್ರ ಹಾಕಿ, ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ದಿನಗಟ್ಟಲೆ ಇಡುವುದು ಅಪಾಯ.

ಮೊಟ್ಟೆ ಇಲ್ಲವೆಂದು ಹೊರಗಿಟ್ಟು ಮರೆಯುವ ಹಾಗೂ ಇಲ್ಲ. ಹಾಲು, ಕಟ್ಟು, ಗೋಡಂಬಿ ಎಲ್ಲವೂ ಹಳಸುವವೇ. ಫ್ರಿಜ್‌ನಿಂದ ತೆಗೆದ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಒಂದು ಗಂಟೆ ಎಂದಿಟ್ಟುಕೊಳ್ಳಿ.

ಹಾಗಾದರೆ ನಿಮಗೆ ಯಾವುದು?

ಶನಿವಾರ ಮಕ್ಕಳ ಹುಟ್ಟುಹಬ್ಬ, ಇಪ್ಪತ್ತು ಬರ್ಗರ್ ಆಗಬೇಕು, ಹಾಲಿಗೆ ಅಡ್ಡಿಯಿಲ್ಲ: ಹಾಲಿನದು, ಬೆಳಿಗ್ಗೆ ಮಾಡಿ ಸಂಜೆಗೆ ಮುಗಿಸಿ. ಬಂದವರಲ್ಲಿ ಯಾರಿಗೆ ಏನು ಅಲರ್ಜಿ ಗೊತ್ತಿಲ್ಲದಿದ್ದರೆ ಗೋಡಂಬಿಯದನ್ನು ಮುಟ್ಟಬೇಡಿ. ಸಂಜೆ ಟೋಸ್ಟ್ ಮಾಡುವ ಮನೆಗೆ ತುಂಡು ಗೋಡಂಬಿ. ಶಾಲೆಯ ಡಬ್ಬಿ ಮಧ್ಯಾಹ್ನ ಒಂದು ಗಂಟೆಗೆ ತೆರೆಯುವುದಾದರೆ ಯಾವ ಮೇಯೊನೀಸೂ ಬೇಡ, ಪುದೀನ ಚಟ್ನಿ ಸವರಿ ಕಳಿಸಿ. ಹತ್ತು ಗಂಟೆಯ ಚಿಕ್ಕ ವಿರಾಮಕ್ಕಾದರೆ ಮೊಸರಿನದು. ಹಾಸ್ಟೆಲಿನಲ್ಲಿ ಮಿಕ್ಸಿಯಿಲ್ಲದವರಿಗೂ ಅದೇ. ವೀಗನ್ ಮನೆಯಲ್ಲಿ ಹ್ಯಾಂಡ್ ಬ್ಲೆಂಡರ್ ಇದ್ದರೆ ಕಟ್ಟು, ಇಲ್ಲದಿದ್ದರೆ ಸಿಹಿಯಿಲ್ಲದ ಸೋಯಾ ಹಾಲು.

ನಮ್ಮ ಮನೆಯಲ್ಲಿ ಈಗ ನಡೆಯುವುದು ಎರಡು. ವಾರದ ದಿನಗಳಲ್ಲಿ ಮೊಸರಿನದು, ಅದರ ಸೋಸಿದ ನೀರು ಚಪಾತಿ ಹಿಟ್ಟಿಗೆ. ನೆಂಟರು ಬರುವ ದಿನ ಕಟ್ಟಿನದು, ಬಸಿದ ಕಡಲೆಗೆ ಕಾಯಿತುರಿ ಉದುರಿಸಿದರೆ ಉಸ್ಲಿಯೂ ತಯಾರು. ಮೊಮೊ ತಟ್ಟೆಗಿಂತ ಆ ಉಸ್ಲಿಯ ಬಟ್ಟಲೇ ಮೊದಲು ಖಾಲಿಯಾಗುತ್ತದೆ.